ಕುಡಿತ ಬಿಡಲು ನೆರವು ಕೇಳಿದವರ ಚರಿತ್ರೆ

ಮದ್ಯಪಾನದ ಕೆಡುಕುಗಳ ಕುರಿತು ನಮ್ಮಲ್ಲಿ ಭಾಷಣಗಳಿಗೆ ಬರವಿಲ್ಲ. ಶಾಲೆಯ ಪ್ರಬಂಧ ಸ್ಪರ್ಧೆಯಿಂದ ಹಿಡಿದು ಗಾಂಧಿ ಜಯಂತಿಯ ಸಭೆಯ ತನಕ ಎಲ್ಲೆಡೆಯೂ ಆ ಮಾತು ಬರುತ್ತದೆ. ಕುಡಿತ ಮನೆ ಮುರಿಯುತ್ತದೆ, ಯಕೃತ್ತನ್ನು ಕೆಡಿಸುತ್ತದೆ, ದುಡಿದ ಹಣವನ್ನು ನುಂಗುತ್ತದೆ ಎಂಬುದು ಕುಡಿಯುವವನಿಗೂ ಗೊತ್ತು. ಬಹುಶಃ ಉಳಿದವರಿಗಿಂತ ಹೆಚ್ಚಾಗಿಯೇ ಗೊತ್ತು. ಆದರೆ ಅಂಥವನೊಬ್ಬ ಧೈರ್ಯ ಮಾಡಿ, "ನನಗೆ ಇದನ್ನು ಬಿಡಬೇಕಾಗಿದೆ, ನನ್ನೊಬ್ಬನಿಂದ ಆಗುತ್ತಿಲ್ಲ, ಸಹಾಯ ಮಾಡಿ" ಎಂದು ಕೇಳಿದರೆ ಏನು ಉತ್ತರ ಕೊಡಬೇಕು? ಇದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಉಪದೇಶ ಮಾಡುತ್ತೇವೆ, ಬೈಯುತ್ತೇವೆ ಅಥವಾ ಮುಖ ತಿರುಗಿಸಿಕೊಳ್ಳುತ್ತೇವೆ.

ಈ ಮೂರನ್ನೂ ಜಗತ್ತು ಈ ಹಿಂದೆ ಮಾಡಿ ನೋಡಿದೆ. ಕುಡಿತಕ್ಕೆ ಸಿಲುಕಿದವರು ನೆರವು ಕೇಳಿದ್ದು, ಆ ನೆರವು ಯಾರಿಂದ ಹೇಗೆ ಸಿಕ್ಕಿತು, ಎಲ್ಲಿ ಕೈಕೊಟ್ಟಿತು ಎಂಬುದಕ್ಕೆ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ವಿದ್ಯಾವಂತರಾದ ನಾವು ಅದನ್ನು ಅರಿತಿರುವುದು ಅಗತ್ಯ.

ದುರ್ಗುಣವೋ, ಕಾಯಿಲೆಯೋ?

ಬಹುಕಾಲದವರೆಗೆ ಕುಡುಕನೆಂದರೆ ಕೆಟ್ಟವನು, ಮನಸ್ಸು ಮಾಡಿದರೆ ಬಿಡಬಲ್ಲವನು ಎಂಬುದೇ ಎಲ್ಲರ ನಂಬಿಕೆಯಾಗಿತ್ತು. ಇದನ್ನು ಮೊದಲು ಪ್ರಶ್ನಿಸಿದವರಲ್ಲಿ ಇಬ್ಬರು ವೈದ್ಯರು ಪ್ರಮುಖರು. ಒಬ್ಬರು ಫಿಲಡೆಲ್ಫಿಯಾದ ಬೆಂಜಮಿನ್ ರಷ್. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಇವರೂ ಒಬ್ಬರು. ತೀಕ್ಷ್ಣ ಮದ್ಯಗಳು ದೇಹ ಮತ್ತು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಕುರಿತು 1780ರ ದಶಕದಲ್ಲಿ ಇವರು ಪ್ರಕಟಿಸಿದ ಕಿರುಹೊತ್ತಿಗೆ, ನಿರಂತರ ಕುಡಿತವು ರೋಗದ ಲಕ್ಷಣಗಳನ್ನು ಹೊಂದಿದೆಯೆಂದು ವಾದಿಸಿತು. ಮತ್ತೊಬ್ಬರು ಸ್ಕಾಟ್ಲೆಂಡಿನವರಾದ, ಬ್ರಿಟಿಷ್ ನೌಕಾದಳದ ವೈದ್ಯ ಥಾಮಸ್ ಟ್ರಾಟರ್. 1788ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಕುಡಿತವನ್ನು ಕುರಿತೇ ಪ್ರಬಂಧ ಸಲ್ಲಿಸಿದ ಇವರು, 1804ರಲ್ಲಿ ಅದನ್ನು ಗ್ರಂಥವಾಗಿ ವಿಸ್ತರಿಸಿದರು. ಕುಡಿತದ ಚಟ ಮನಸ್ಸಿನ ಕಾಯಿಲೆಯೆಂದೂ, ವೈದ್ಯನು ಮೊದಲು ರೋಗಿಯ ವಿಶ್ವಾಸ ಗಳಿಸಬೇಕೆಂದೂ ಅವರು ಬರೆದರು.

ಮಾತು ಸರಿಯಾಗಿತ್ತು. ಆದರೆ ಕಾಯಿಲೆಯೆಂದು ಹೆಸರಿಟ್ಟ ಮಾತ್ರಕ್ಕೆ ಔಷಧ ಸಿಗುವುದಿಲ್ಲ. ವೈದ್ಯರ ಬಳಿ ಅಂದು ಕೊಡಲು ಹೆಚ್ಚೇನೂ ಇರಲಿಲ್ಲ. ದಾರಿ ತೆರೆದದ್ದು ಬೇರೆ ಕಡೆಯಿಂದ, ಸ್ವತಃ ಕುಡಿತದಲ್ಲಿ ಮುಳುಗಿ ಎದ್ದವರಿಂದ.

ಅಮೆರಿಕದ ಮೂಲನಿವಾಸಿಗಳಾದ ಸೆನೆಕಾ ಜನರಲ್ಲಿ ಹ್ಯಾಂಡ್ಸಮ್ ಲೇಕ್ ಎಂಬ ಹಿರಿಯನಿದ್ದ. ನೆಲ ಕಳೆದುಕೊಂಡು, ಬಿಳಿಯರ ವ್ಯಾಪಾರಿಗಳು ತಂದ ಮದ್ಯಕ್ಕೆ ದಾಸರಾಗಿದ್ದ ಜನರಲ್ಲಿ ಅವನೂ ಒಬ್ಬನಾಗಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ. 1799ರಲ್ಲಿ ಸಾವಿನಂಚಿಗೆ ಹೋಗಿ ಎಚ್ಚೆತ್ತ ಅವನು ಕುಡಿತವನ್ನು ತೊರೆದ. 1815ರಲ್ಲಿ ತೀರಿಕೊಳ್ಳುವ ತನಕ ಊರೂರು ತಿರುಗಿ ತನ್ನ ಜನರಿಗೆ ಮದ್ಯ ಬಿಡಲು ಬೋಧಿಸಿದ. ಅವನ ಮಾತಿಗೆ ಬೆಲೆ ಬಂದದ್ದು, ಕೇಳುವವರು ಅವನ ಹಿಂದಿನ ಸ್ಥಿತಿಯನ್ನು ಕಣ್ಣಾರೆ ಕಂಡಿದ್ದರು ಎಂಬುದರಿಂದ.

ಪ್ರತಿಜ್ಞೆಯ ಬಲ ಮತ್ತು ಮಿತಿ

ಐರ್ಲೆಂಡಿನ ಕಾರ್ಕ್ ನಗರದಲ್ಲಿ ಬಡವರ ನಡುವೆ ಕೆಲಸ ಮಾಡುತ್ತಿದ್ದ ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಪಾದ್ರಿ 1838ರ ಏಪ್ರಿಲ್ 10ರಂದು ಪುಸ್ತಕವೊಂದರಲ್ಲಿ ತಮ್ಮ ಹೆಸರು ಬರೆದು, ಜೀವನಪೂರ್ತಿ ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಅದೇ ಪ್ರತಿಜ್ಞೆ ಮಾಡಿದವರ ಸಂಖ್ಯೆ 30 ಲಕ್ಷವನ್ನು ಮೀರಿತೆಂಬ ಅಂದಾಜಿದೆ. ಆಗ ಐರ್ಲೆಂಡಿನ ಒಟ್ಟು ಜನಸಂಖ್ಯೆ ಸುಮಾರು 80 ಲಕ್ಷ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಕಪ್ಪು ಜನನಾಯಕ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಐರ್ಲೆಂಡಿಗೆ ಹೋದಾಗ ಮ್ಯಾಥ್ಯೂ ಅವರಿಂದಲೇ ಪ್ರತಿಜ್ಞೆ ಸ್ವೀಕರಿಸಿದರು.

ಆದರೆ ಅದೇ ವರ್ಷ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಐರ್ಲೆಂಡಿನ ಮಹಾಕ್ಷಾಮ ಆರಂಭವಾಯಿತು. ಹಸಿವು, ಸಾವು, ವಲಸೆಗಳ ನಡುವೆ ಚಳವಳಿ ಕುಸಿಯಿತು. 1856ರಲ್ಲಿ ಮ್ಯಾಥ್ಯೂ ನಿಧನರಾಗುವಷ್ಟರಲ್ಲಿ ಅದರ ಹಳೆಯ ಕಸುವು ಉಳಿದಿರಲಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಸಾವಿರಾರು ಜನ ಸೇರಿದ ಮೈದಾನದಲ್ಲಿ ಪ್ರತಿಜ್ಞೆ ಮಾಡುವುದು ಸುಲಭ. ಮರುದಿನ ಸಂಜೆ ಕೈ ನಡುಗುವಾಗ, ಬಾಯಾರುವಾಗ ಪಕ್ಕದಲ್ಲಿ ನಿಲ್ಲುವವರು ಯಾರು? ಆ ಏರ್ಪಾಡು ಪ್ರತಿಜ್ಞೆಯ ಪುಸ್ತಕದಲ್ಲಿ ಇರಲಿಲ್ಲ.

ಬಾಲ್ಟಿಮೋರಿನ ಆರು ಮಂದಿ

ಆ ಏರ್ಪಾಡನ್ನು ಮಾಡಿದವರು ಕುಡುಕರೇ. 1840ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮದ್ಯದಂಗಡಿಯೊಂದರಲ್ಲಿ ಆರು ಮಂದಿ ಗೆಳೆಯರು ಕೂಡಿ ಕುಡಿಯುತ್ತಿದ್ದರು. ದರ್ಜಿ, ಬಡಗಿ, ಕಮ್ಮಾರ, ಬೆಳ್ಳಿ ಕೆಲಸದವ, ಗಾಡಿ ತಯಾರಿಸುವವ, ಹೀಗೆ ಎಲ್ಲರೂ ಕೈಕಸುಬಿನವರು. ಊರಿನಲ್ಲಿ ನಡೆಯುತ್ತಿದ್ದ ಮದ್ಯವಿರೋಧಿ ಭಾಷಣವೊಂದರ ವಿಷಯ ಅವರ ನಡುವೆ ಚರ್ಚೆಗೆ ಬಂತು. ಕೊನೆಗೆ ತಮ್ಮದೇ ಒಂದು ಸಂಘ ಕಟ್ಟಿಕೊಂಡು ಆರೂ ಜನ ಕುಡಿತ ಬಿಡುವುದೆಂದು ತೀರ್ಮಾನವಾಯಿತು. ಸಂಘಕ್ಕೆ ಜಾರ್ಜ್ ವಾಷಿಂಗ್ಟನ್ನರ ಹೆಸರಿಟ್ಟರು. ಸೇರುವ ಶುಲ್ಕ 25 ಸೆಂಟ್.

ಆ ತನಕ ನಡೆಯುತ್ತಿದ್ದ ಸಭೆಗಳಲ್ಲಿ ಕುಡಿಯದವರು ಕುಡಿಯುವವರಿಗೆ ಉಪದೇಶ ಮಾಡುತ್ತಿದ್ದರು. ಈ ಸಂಘದಲ್ಲಿ ಉಪದೇಶವೇ ಇರಲಿಲ್ಲ. ವಾರಕ್ಕೊಮ್ಮೆ ಸೇರುವುದು, ಪ್ರತಿಯೊಬ್ಬನೂ ತಾನು ಹೇಗೆ ಕೆಟ್ಟೆ, ಹೇಗೆ ಬಿಟ್ಟೆ ಎಂದು ಹೇಳುವುದು, ಮುಂದಿನ ವಾರ ಇನ್ನೊಬ್ಬ ಕುಡುಕನನ್ನು ಕರೆತರುವುದು, ಅಷ್ಟೇ. ಬಂದವನಿಗೆ ಬಟ್ಟೆ, ಕೆಲಸ, ಇರಲು ಜಾಗ ಬೇಕಾದರೆ ಅದಕ್ಕೂ ನೆರವಾಗುತ್ತಿದ್ದರು. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಸೇರಿದರು. ಮಹಿಳೆಯರು ಮಾರ್ಥಾ ವಾಷಿಂಗ್ಟನ್ ಹೆಸರಿನಲ್ಲಿ ತಮ್ಮದೇ ಸಂಘಗಳನ್ನು ಕಟ್ಟಿದರು.

1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡ್ ನಗರದ ಈ ಸಂಘದ ಸಭೆಯಲ್ಲಿ 33 ವರ್ಷದ ವಕೀಲರೊಬ್ಬರು ಭಾಷಣ ಮಾಡಿದರು. ಹೆಸರು ಅಬ್ರಹಾಂ ಲಿಂಕನ್. ಕುಡುಕರನ್ನು ಖಂಡಿಸಿ ದೂಷಿಸುವುದು ನ್ಯಾಯವೂ ಅಲ್ಲ, ಪ್ರಯೋಜನಕಾರಿಯೂ ಅಲ್ಲವೆಂದೂ, ಕುಡಿತಕ್ಕೆ ಬೀಳದೆ ಉಳಿದವರು ಅದನ್ನು ತಮ್ಮ ಶ್ರೇಷ್ಠತೆ ಎಂದುಕೊಳ್ಳಬಾರದೆಂದೂ ಅವರು ಹೇಳಿದರು. ಇದನ್ನು ಕೇಳಿ ಸಭ್ಯ ಜನರಲ್ಲಿ ಕೆಲವರಿಗೆ ಸಿಟ್ಟು ಬಂತಂತೆ.

ಇಷ್ಟು ವೇಗವಾಗಿ ಬೆಳೆದ ಚಳವಳಿ ಅಷ್ಟೇ ವೇಗವಾಗಿ ಕರಗಿತು. ಮದ್ಯನಿಷೇಧ ಕಾನೂನು ಬೇಕೋ ಬೇಡವೋ ಎಂಬ ರಾಜಕೀಯ ವಾಗ್ವಾದಕ್ಕೆ ಅದು ಸಿಲುಕಿತು. ಚೆನ್ನಾಗಿ ಮಾತನಾಡುವ ಕೆಲವರು ದೊಡ್ಡ ವೇದಿಕೆಗಳ ತಾರೆಗಳಾದರು. ಅವರಲ್ಲೊಬ್ಬ ಮತ್ತೆ ಕುಡಿದು ಸಿಕ್ಕಿಬಿದ್ದಾಗ ಚಳವಳಿಗೇ ಮಸಿ ಬಳಿದಂತಾಯಿತು. ಹತ್ತು ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ಕಡೆ ಸಂಘಗಳು ಮುಚ್ಚಿದವು. ಒಳ್ಳೆಯ ಕೆಲಸವೊಂದು ಪ್ರಚಾರದ ಆಸೆಯಿಂದ ಹಾಳಾಗುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಆ ಬಳಿಕ ಅಮೆರಿಕ ಕಾನೂನಿನ ದಾರಿ ಹಿಡಿಯಿತು. 1920ರ ಜನವರಿಯಲ್ಲಿ ಜಾರಿಗೆ ಬಂದ ದೇಶವ್ಯಾಪಿ ಪಾನನಿಷೇಧ 1933ರ ಡಿಸೆಂಬರ್ 5ರಂದು ರದ್ದಾಯಿತು. ಮದ್ಯದ ಅಂಗಡಿ ಮುಚ್ಚುವ ಬಗ್ಗೆ ದೇಶವೆಲ್ಲ ಚರ್ಚಿಸಿತು. ಈಗಾಗಲೇ ದಾಸನಾದವನ ಕೈ ಹಿಡಿಯುವ ಮಾತು ಆ ಗದ್ದಲದಲ್ಲಿ ಕೇಳದೆ ಹೋಯಿತು.

ಆಕ್ರನ್ ನಗರದ ಒಂದು ಸಂಜೆ

1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಕೆಲಸ ಮಾಡುತ್ತಿದ್ದ ಬಿಲ್ ವಿಲ್ಸನ್ ವ್ಯವಹಾರದ ಮೇಲೆ ಒಹಾಯೊ ರಾಜ್ಯದ ಆಕ್ರನ್ ನಗರಕ್ಕೆ ಬಂದಿದ್ದರು. ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡು, ಆಸ್ಪತ್ರೆ ಸೇರಿ, 1934ರ ಡಿಸೆಂಬರಿನಲ್ಲಿ ಬಿಟ್ಟವರು ಅವರು. ಬಿಟ್ಟ ಮೇಲೆ ಐದು ತಿಂಗಳ ಕಾಲ ಕಂಡ ಕಂಡ ಕುಡುಕರಿಗೆಲ್ಲ ಉಪದೇಶ ಮಾಡಿದರು. ಒಬ್ಬನೂ ಬಿಡಲಿಲ್ಲ. ಆದರೆ ಪತ್ನಿ ಲೋಯಿಸ್ ಒಂದು ವಿಷಯವನ್ನು ತೋರಿಸಿಕೊಟ್ಟರು: ಬೇರೆ ಯಾರೂ ಬಿಡದಿದ್ದರೇನು, ಈ ಪ್ರಯತ್ನದಲ್ಲಿ ತೊಡಗಿದ್ದ ಅವರಂತೂ ಕುಡಿದಿರಲಿಲ್ಲ. ಅವರಿಗೆ ಚಿಕಿತ್ಸೆ ನೀಡಿದ್ದ ಡಾ. ವಿಲಿಯಂ ಸಿಲ್ಕ್‌ವರ್ತ್ ಇನ್ನೊಂದು ಸಲಹೆ ಕೊಟ್ಟರು: ಉಪದೇಶ ನಿಲ್ಲಿಸಿ, ಮೊದಲು ನಿಮ್ಮ ಕಾಯಿಲೆಯ ಬಗ್ಗೆ ಹೇಳಿ.

ಆಕ್ರನ್‌ನಲ್ಲಿ ವ್ಯವಹಾರ ಕೆಟ್ಟಿತು. ಜೇಬು ಬರಿದು, ಪರಊರು, ಒಂಟಿತನ. ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ನಿಂತಿದ್ದ ವಿಲ್ಸನ್ ಅವರಿಗೆ ಒಂದು ಬದಿಯಿಂದ ಬಾರ್‌ನ ಸದ್ದು ಕೇಳುತ್ತಿತ್ತು. ಇನ್ನೊಂದು ಬದಿಯಲ್ಲಿ ಟೆಲಿಫೋನ್ ಇತ್ತು, ಊರಿನ ಚರ್ಚುಗಳ ಪಟ್ಟಿ ಇತ್ತು. ತಾನು ಮತ್ತೆ ಕುಡಿಯದೆ ಉಳಿಯಬೇಕಾದರೆ ಮಾತನಾಡಲು ಇನ್ನೊಬ್ಬ ಕುಡುಕ ಬೇಕು ಎಂದು ಅವರಿಗೆ ಅನಿಸಿತು. ಪಟ್ಟಿಯಲ್ಲಿದ್ದ ಪಾದ್ರಿಯೊಬ್ಬರಿಗೆ ಫೋನ್ ಮಾಡಿದರು. ಅವರು ಕೊಟ್ಟ ಹೆಸರುಗಳ ಮೂಲಕ ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯ ಪರಿಚಯವಾಯಿತು. ಆಕೆಗೆ ಗೊತ್ತಿದ್ದ ಒಬ್ಬ ಶಸ್ತ್ರವೈದ್ಯರು ಕುಡಿತದಿಂದ ವೃತ್ತಿಯನ್ನೇ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದರು. ಅವರೇ ಡಾ. ಬಾಬ್ ಸ್ಮಿತ್.

ಮೇ 12ರ ಸಂಜೆ ಆಕೆಯ ಮನೆಯಲ್ಲಿ ಇಬ್ಬರ ಭೇಟಿಯಾಯಿತು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಹೇಳಿಕೊಂಡೇ ಬಂದಿದ್ದ ವೈದ್ಯರು ರಾತ್ರಿ ಬಹಳ ಹೊತ್ತಿನವರೆಗೆ ಮಾತನಾಡಿದರು. ಮದ್ಯದ ವೈದ್ಯಕೀಯ ಪರಿಣಾಮ ಅವರಿಗೆ ಗೊತ್ತಿಲ್ಲದ್ದಲ್ಲ. ಪ್ರಾರ್ಥನೆ, ಉಪದೇಶಗಳೂ ಹೊಸವಲ್ಲ. ಎದುರಿಗೆ ಕುಳಿತವನು ತನ್ನ ಹಾಗೆಯೇ ಬಿದ್ದವನು, ತನ್ನಿಂದ ಸಹಾಯ ಕೇಳಲು ಬಂದವನು ಎಂಬುದೇ ಹೊಸತು. ಅದಾದ ಕೆಲವು ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆಂದು ಹೋದ ಡಾ. ಬಾಬ್ ಮತ್ತೊಮ್ಮೆ ವಿಪರೀತ ಕುಡಿದರು. ವಿಲ್ಸನ್ ಅವರನ್ನು ಬಿಟ್ಟು ಹೋಗಲಿಲ್ಲ. 1935ರ ಜೂನ್ 10 ವೈದ್ಯರು ಕೊನೆಯ ಬಾರಿ ಕುಡಿದ ದಿನವೆಂದು ದಾಖಲಾಗಿದೆ. ಆ ದಿನವನ್ನೇ 'ಆಲ್ಕೋಹಾಲಿಕ್ಸ್ ಅನಾನಿಮಸ್', ಅಂದರೆ ಹೆಸರು ಹೇಳದ ಮದ್ಯವ್ಯಸನಿಗಳ ಕೂಟದ ಹುಟ್ಟುದಿನವೆಂದು ಪರಿಗಣಿಸಲಾಗುತ್ತದೆ. ಇಬ್ಬರೂ ಕೂಡಿ ಆಕ್ರನ್ ನಗರದ ಆಸ್ಪತ್ರೆಯಲ್ಲಿದ್ದ ಬಿಲ್ ಡಾಟ್ಸನ್ ಎಂಬ ವಕೀಲರನ್ನು ಕಂಡರು. ಅವರು ಮೂರನೆಯವರಾದರು. ಡಾ. ಬಾಬ್ 1950ರಲ್ಲಿ, ವಿಲ್ಸನ್ 1971ರಲ್ಲಿ ನಿಧನರಾದರು. ಇಬ್ಬರೂ ಕೊನೆಯ ತನಕ ಮತ್ತೆ ಕುಡಿಯಲಿಲ್ಲ.

1939ರಲ್ಲಿ ಇವರ ಪುಸ್ತಕ ಹೊರಬಂತು. 1941ರ ಮಾರ್ಚ್‌ನಲ್ಲಿ ಅಮೆರಿಕದ ಜನಪ್ರಿಯ ವಾರಪತ್ರಿಕೆಯೊಂದು ಇವರ ಕುರಿತು ಲೇಖನ ಪ್ರಕಟಿಸಿದಾಗ ಸದಸ್ಯರು ಸುಮಾರು 2,000. ವರ್ಷ ಮುಗಿಯುವಾಗ ಸುಮಾರು 8,000. ಬಾಲ್ಟಿಮೋರಿನವರು ಎಡವಿದಲ್ಲಿ ಇವರು ಎಚ್ಚರ ವಹಿಸಿದರು. ರಾಜಕೀಯ ಬೇಡ, ಯಾವುದೇ ಹೊರಗಿನ ವಿವಾದದಲ್ಲಿ ಅಭಿಪ್ರಾಯ ಬೇಡ, ಹೊರಗಿನವರ ದೇಣಿಗೆ ಬೇಡ, ಪತ್ರಿಕೆಯಲ್ಲಿ ಹೆಸರು ಬೇಡ ಎಂಬ ನಿಯಮಗಳನ್ನು 1950ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡರು. ಸೇರಲು ಶುಲ್ಕವಿಲ್ಲ; ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ದೇವರ ಮಾತು ಅಲ್ಲಿ ಬರುತ್ತದಾದರೂ ಅದನ್ನು ಅವರವರ ನಂಬಿಕೆಯಂತೆ ಅರ್ಥೈಸಿಕೊಳ್ಳಲು ಬಿಟ್ಟಿದ್ದಾರೆ. ಆದುದರಿಂದಲೇ ಅದು ಇಂದು ಸುಮಾರು 180 ದೇಶಗಳಿಗೆ ಹರಡಿದೆ. ಕುಡುಕರ ಮನೆಯವರಿಗೂ ಆಸರೆ ಬೇಕೆಂದು ಮನಗಂಡು ಲೋಯಿಸ್ ವಿಲ್ಸನ್ 1951ರಲ್ಲಿ 'ಅಲ್-ಅನಾನ್' ಎಂಬ ಕುಟುಂಬ ಕೂಟವನ್ನು ಆರಂಭಿಸಿದರು.

ಇದರಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ಕೇಳುವವರಿಗೆ 2020ರಲ್ಲಿ ಒಂದು ಉತ್ತರ ದೊರೆಯಿತು. ಆ ವರ್ಷ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ 27 ಅಧ್ಯಯನಗಳನ್ನು ಪರಿಶೀಲಿಸಿತು. ಸಂಪೂರ್ಣವಾಗಿ ಕುಡಿತ ಬಿಟ್ಟಿರುವ ವಿಷಯದಲ್ಲಿ, ಇಂಥ ಕೂಟಗಳಿಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆಯು ಇತರ ಮನೋಚಿಕಿತ್ಸೆಗಳಿಗಿಂತ ಉತ್ತಮ ಫಲ ನೀಡಿದೆಯೆಂದು ಅದು ಕಂಡುಕೊಂಡಿತು.

ನಮ್ಮ ದೇಶದಲ್ಲಿ

ಭಾರತದಲ್ಲಿ ಈ ಕೂಟ 1957ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಅವರು ಕುಡಿತದಿಂದ ಪತಿಯನ್ನು ಕಳೆದುಕೊಂಡ ದುಃಖದಲ್ಲಿಯೇ 1980ರಲ್ಲಿ ಟಿ.ಟಿ. ರಂಗನಾಥನ್ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿ ವ್ಯಸನಿಗಳ ಚಿಕಿತ್ಸೆಗೆ ತೊಡಗಿದರು. 1992ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಆಸ್ಪತ್ರೆಗೆ ಬರಲಾಗದ ಬಡವರಿಗಾಗಿ ಹಳ್ಳಿಗಳಲ್ಲಿಯೇ ಶಿಬಿರ ನಡೆಸುವ ಪದ್ಧತಿಯನ್ನು ಈ ಸಂಸ್ಥೆ ಬೆಳೆಸಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವ್ಯಸನ ಚಿಕಿತ್ಸೆಗಾಗಿ ಪ್ರತ್ಯೇಕ ಕೇಂದ್ರವನ್ನು ಹೊಂದಿದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾ ಬಂದಿವೆ. ಶಿಬಿರ ಮುಗಿಸಿದವರು 'ನವಜೀವನ ಸಮಿತಿ'ಗಳ ಮೂಲಕ ಮತ್ತೆ ಮತ್ತೆ ಸೇರುತ್ತಾರೆ. ಬಾಲ್ಟಿಮೋರಿನ ಹೆಸರು ಕೇಳದ ನಮ್ಮ ಹಳ್ಳಿಗನೂ ಅದೇ ಸೂತ್ರದಿಂದ ಬದುಕು ಕಟ್ಟಿಕೊಂಡಿದ್ದಾನೆ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 5.7 ಕೋಟಿ ಜನರಿಗೆ ಮದ್ಯದ ವಿಷಯದಲ್ಲಿ ನೆರವಿನ ಅಗತ್ಯವಿದೆ. ಮದ್ಯಕ್ಕೆ ದಾಸರಾದ ಪ್ರತಿ 38 ಮಂದಿಯಲ್ಲಿ ಒಬ್ಬನಿಗಷ್ಟೇ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಉಳಿದ 37 ಮಂದಿ ಎಲ್ಲಿ? ನಮ್ಮ ಬೀದಿಯಲ್ಲಿಯೇ ಇದ್ದಾರೆ, ನಮ್ಮ ಮನೆಗಳಲ್ಲಿಯೂ ಇರಬಹುದು.

ಮೌನದೊಳಗಿನ ಒಂಟಿತನ

ಮದ್ಯ ನಿಷಿದ್ಧವೆಂದು ನಂಬುವ ಸಮುದಾಯದಲ್ಲಿ ಹುಟ್ಟಿದವನು ಅದಕ್ಕೆ ಬಿದ್ದರೆ ಅವನ ಒಂಟಿತನ ಇಮ್ಮಡಿಯಾಗುತ್ತದೆ. ಯಾರಲ್ಲಿ ಹೇಳಿಕೊಳ್ಳುವುದು? ಜಮಾಅತ್‌ನವರಿಗೆ ತಿಳಿದರೆ ಏನು ಗತಿ? ತಂಗಿಯ ಮದುವೆಗೆ ಅಡ್ಡಿಯಾದರೆ? ಈ ಭಯದಿಂದ ಅವನು ಬಾಯಿ ಬಿಡುವುದಿಲ್ಲ, ಮನೆಯವರು ಬಚ್ಚಿಡುತ್ತಾರೆ. ರೋಗ ಬೆಳೆಯುತ್ತದೆ.

ಆದರೆ ನಮ್ಮದೇ ಇತಿಹಾಸ ಹೇಳುವುದು ಬೇರೆಯೇ. ಮದೀನಾದಲ್ಲಿ ಮದ್ಯ ಒಂದೇ ದಿನದಲ್ಲಿ ನಿಷೇಧವಾದದ್ದಲ್ಲ. ಮೊದಲು ಅದರಲ್ಲಿ ಲಾಭಕ್ಕಿಂತ ಕೇಡು ಹೆಚ್ಚೆಂಬ ತಿಳುವಳಿಕೆ, ಬಳಿಕ ಅಮಲಿನಲ್ಲಿ ನಮಾಝ್‌ಗೆ ಬರಬಾರದೆಂಬ ಕಟ್ಟಳೆ, ಕೊನೆಗೆ ಸಂಪೂರ್ಣ ನಿಷೇಧ. ಹೀಗೆ ಹಂತ ಹಂತವಾಗಿ ಒಂದು ಜನಾಂಗವನ್ನು ಅದರಿಂದ ಬಿಡಿಸಲಾಯಿತು. ಆ ಬಳಿಕವೂ ಎಡವಿದವರಿದ್ದರು. ಪ್ರವಾದಿಯವರನ್ನು(ಸ) ನಗಿಸುತ್ತಿದ್ದ ಅಬ್ದುಲ್ಲಾ ಎಂಬವರು ಕುಡಿದ ಕಾರಣಕ್ಕೆ ಶಿಕ್ಷೆಗೊಳಗಾಗಿ, ಮತ್ತೊಮ್ಮೆ ಅದೇ ತಪ್ಪಿಗೆ ಕರೆತರಲ್ಪಟ್ಟಾಗ ಒಬ್ಬರು ಅವರನ್ನು ಶಪಿಸಿದರು. ಪ್ರವಾದಿಯವರು(ಸ) ಶಪಿಸುವುದನ್ನು ತಡೆದರು. ಈತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ಸಾಕ್ಷಿ ನುಡಿದರು. ಸಹೀಹ್ ಬುಖಾರಿಯಲ್ಲಿ ಈ ಘಟನೆ ದಾಖಲಾಗಿದೆ. ತಪ್ಪು ತಪ್ಪೇ ಆಗಿ ಉಳಿಯಿತು. ಆದರೆ ತಪ್ಪು ಮಾಡಿದವನನ್ನು ಹೊರಗಟ್ಟಲಿಲ್ಲ.

ನಮ್ಮ ಪಾಲಿನ ಕೆಲಸ

ವಿದ್ಯಾರ್ಥಿ ಮಿತ್ರರೇ, ಸಂಘದ ಬಂಧುಗಳೇ, ಈ ಇತಿಹಾಸದಿಂದ ಕಲಿಯಬೇಕಾದ ಪಾಠಗಳು ಸರಳವಾಗಿವೆ.

ಮೊದಲನೆಯದಾಗಿ, ನೆರವು ಕೇಳಿ ಬಂದವನಿಗೆ ಉಪದೇಶ ಬೇಡ. ಅವನು ಹೇಳುವುದನ್ನು ಕೇಳಿ, ಆ ಮಾತು ಬೇರೆಯವರ ಕಿವಿಗೆ ಬೀಳದಂತೆ ನೋಡಿಕೊಳ್ಳಿ.

ಎರಡನೆಯದಾಗಿ, ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವನಿಗೆ "ಇವತ್ತೇ ಬಿಟ್ಟುಬಿಡು" ಎಂದು ಹೇಳಿ ಮನೆಯಲ್ಲಿ ಕೂಡಿಹಾಕಬಾರದು. ಥಟ್ಟನೆ ನಿಲ್ಲಿಸಿದರೆ ನಡುಕ, ಅಪಸ್ಮಾರದಂತಹ ಸೆಳೆತ, ಭ್ರಮೆಗಳು ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಮೊದಲ ಕೆಲವು ದಿನಗಳು ವೈದ್ಯರ ನಿಗಾದಲ್ಲಿಯೇ ಕಳೆಯಬೇಕು.

ಮೂರನೆಯದಾಗಿ, ಚಿಕಿತ್ಸೆ ಪಡೆಯುವುದು ಹಕ್ಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯವ್ಯಸನದಿಂದ ಉಂಟಾಗುವ ತೊಂದರೆಗಳನ್ನು ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ಸೇರಿಸಿದೆ. ರೋಗಿಯ ವಿವರಗಳನ್ನು ಗುಟ್ಟಾಗಿಡಬೇಕೆಂದೂ ವಿಧಿಸಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ನಾಲ್ಕನೆಯದಾಗಿ, ಬಿಟ್ಟವನು ಮತ್ತೊಮ್ಮೆ ಎಡವಿದರೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಡಾ. ಬಾಬ್ ಕೂಡ ಎಡವಿದ್ದರು. ಆ ದಿನ ವಿಲ್ಸನ್ ಹೊರಟುಹೋಗಿದ್ದರೆ ಮುಂದಿನ ಇತಿಹಾಸವೇ ಇರುತ್ತಿರಲಿಲ್ಲ.

ನಮ್ಮ ಸಂಘಗಳು ವಿದ್ಯಾರ್ಥಿವೇತನ ಕೊಡುತ್ತವೆ, ಪುಸ್ತಕ ಹಂಚುತ್ತವೆ, ಮಾರ್ಗದರ್ಶನ ಶಿಬಿರ ನಡೆಸುತ್ತವೆ. ತಂದೆಯ ಕುಡಿತದಿಂದ ಶಾಲೆ ಬಿಟ್ಟ ಮಗುವಿಗೆ ಶುಲ್ಕ ಕಟ್ಟುವುದರ ಜೊತೆಗೆ, ಆ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ಇಬ್ಬರು ಕಾರ್ಯಕರ್ತರೂ ಪ್ರತಿ ಊರಿನಲ್ಲಿರಬೇಕು. ಅದಕ್ಕೆ ದೊಡ್ಡ ನಿಧಿಯೇನೂ ಬೇಡ. ಬಾಲ್ಟಿಮೋರಿನಲ್ಲಿ ಆರು ಮಂದಿ ಸಾಕಾಗಿತ್ತು, ಆಕ್ರನ್‌ನಲ್ಲಿ ಇಬ್ಬರು. ನಮ್ಮ ಊರಿನಲ್ಲಿ ಆ ಇಬ್ಬರು ಯಾರೆಂಬುದನ್ನು ಈ ವರ್ಷವೇ ನಿರ್ಧರಿಸೋಣ.